ತಲಪಾಡಿಯ ಆಚೆ ಈಚೆ: ಹೆದ್ದಾರಿಯ ಗ್ಯಾರೇಜುಗಳು

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರು ದಾರಿ. ನೇತ್ರಾವತಿಯ ಸೇತುವೆ ದಾಟಿ ತೊಕ್ಕೊಟ್ಟು, ಕೋಟೆಕಾರುಗಳನ್ನು ಹಿಂದೆ ಬಿಟ್ಟರೆ ತಲಪಾಡಿ. ಅಲ್ಲಿ ರಾಜ್ಯ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ. ಅದೇ ಕೆಂಪು ಮುರಕಲ್ಲು, ಅದೇ ತೆಂಗು, ಅದೇ ಹೆಂಚಿನ ಮಾಡು. ಮುಂದೆ ಕುಂಜತ್ತೂರು, ಮಂಜೇಶ್ವರ, ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್, ಚೌಕಿ ಎಂದು ಊರುಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತವೆ. ಹಳಬರು ಈಗಲೂ ಹದಿನೇಳು ಎಂದು ಕರೆಯುವ ಈ ಹೆದ್ದಾರಿಯ ಸಂಖ್ಯೆ 66 ಆಗಿ ವರ್ಷಗಳೇ ಕಳೆದವು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಆರು ಪಥಗಳಾಗಿ ಹಿಗ್ಗಿದಾಗ ಅಂಚಿನ ಹಲಸಿನ ಮರಗಳು, ಗೂಡಂಗಡಿಗಳು, ಅವುಗಳ ಜತೆಗೆ ಎಷ್ಟೋ ಗ್ಯಾರೇಜುಗಳು ಎದ್ದುಹೋದವು. ಎದ್ದುಹೋದ ಗ್ಯಾರೇಜುಗಳು ಮಾಯವಾಗಲಿಲ್ಲ. ಸರ್ವಿಸ್ ರಸ್ತೆಯ ಹಿಂಬದಿಯಲ್ಲಿ, ಗದ್ದೆ ತುಂಬಿಸಿದ ಜಾಗಗಳಲ್ಲಿ, ತಗಡಿನ ಚಪ್ಪರ ಹೊದ್ದು ಮತ್ತೆ ಕುಳಿತವು.

ದಾರಿಯುದ್ದಕ್ಕೂ ಇವುಗಳನ್ನು ಗುರುತಿಸುವುದು ಸುಲಭ. ಕರಿ ಎಣ್ಣೆ ಕುಡಿದ ಮಣ್ಣು, ಗೋಡೆಗೆ ಒರಗಿಸಿದ ಬಂಪರು, ಟಯರು ಕಳಚಿ ಕಲ್ಲಿನ ಮೇಲೆ ಕುಳಿತ ಓಮ್ನಿ, ಬಾನೆಟ್ಟಿನೊಳಗೆ ತಲೆ ತೂರಿಸಿದ ಹುಡುಗ. ನಿಂತ ವಾಹನಗಳಲ್ಲಿ ಕೆ.ಎಲ್. 14 ಮತ್ತು ಕೆ.ಎ. 19 ಎಂಬ ಎರಡು ಫಲಕಗಳು ಗಡಿಯ ಎರಡೂ ಬದಿಯಲ್ಲಿ ಬೆರೆತಿರುತ್ತವೆ. ಮಾತು ಇನ್ನೂ ಹೆಚ್ಚು ಬೆರೆತದ್ದು. ಗಿರಾಕಿ ಕನ್ನಡದಲ್ಲಿ ಕೇಳುತ್ತಾನೆ, ಮೇಸ್ತ್ರಿ ತುಳುವಿನಲ್ಲಿ ಉತ್ತರಿಸುತ್ತಾನೆ, ಸಹಾಯಕನನ್ನು ಮಲಯಾಳದಲ್ಲಿ ಗದರುತ್ತಾನೆ, ಬಿಡಿಭಾಗದ ಅಂಗಡಿಗೆ ಬ್ಯಾರಿಯಲ್ಲಿ ಫೋನು ಮಾಡುತ್ತಾನೆ. ಇಷ್ಟು ಭಾಷೆಗಳಲ್ಲಿ ನಡೆದ ವ್ಯವಹಾರ ಕೊನೆಗೆ ಕಾಗದಕ್ಕೆ ಇಳಿಯುವಾಗ ಮಾತ್ರ ಇಂಗ್ಲಿಷು. ಅದೂ ಅರ್ಧ ಅಕ್ಷರಗಳ, ಸಂಕ್ಷೇಪಗಳ ಇಂಗ್ಲಿಷು. ಕೆಲವೆಡೆ ಕಾಗದವೇ ಇಲ್ಲ. ಈ ನಾಡಿನ ಗ್ಯಾರೇಜು ವ್ಯವಹಾರದ ಸುಖವೂ ಕಷ್ಟವೂ ಇಲ್ಲಿಯೇ ಇದೆ: ಬಾಯಿಮಾತು ಹೇರಳ, ಬರಹ ವಿರಳ.

ಈ ಭಾಗದ ಕುಟುಂಬಗಳಿಗೆ ಕಾರು ಏಕೆ ಬೇಕು ಎಂಬುದನ್ನು ಹೊರಗಿನವರಿಗೆ ವಿವರಿಸಬೇಕಾಗುತ್ತದೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಆದೂರು ಕಡೆಯ ಮನೆಗಳು ಅಡಿಕೆ ತೋಟದ ನಡುವೆ ಒಂದಕ್ಕೊಂದು ದೂರ ನಿಂತಿವೆ. ಕೊನೆಯ ಬಸ್ಸು ಸಂಜೆಗೇ ಹೋಗಿರುತ್ತದೆ. ದೊಡ್ಡ ಕಾಯಿಲೆಗೆ ಮೊದಲಿನಿಂದಲೂ ಮಂಗಳೂರು, ದೇರಳಕಟ್ಟೆಗಳೇ ಆಸರೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಇಲ್ಲಿನವರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆ ತಡೆಯನ್ನು ಸಂಚಾರದ ಮತ್ತು ಜೀವದ ಮೂಲಭೂತ ಹಕ್ಕುಗಳ ಉಲ್ಲಂಘನೆ ಎಂದು ಕಂಡಿತು. ಹೀಗಿರುವಾಗ ಅಂಗಳದಲ್ಲಿ ನಿಂತ ಹಳೆಯ ಸಣ್ಣ ಕಾರು ಇಲ್ಲಿ ಶೋಕಿಯ ವಸ್ತುವಲ್ಲ. ಅದು ಕೆಟ್ಟರೆ ಆಸ್ಪತ್ರೆಯ ದಿನ ತಪ್ಪುತ್ತದೆ, ಶಾಲೆಯ ಪರೀಕ್ಷೆ ತಪ್ಪುತ್ತದೆ. ಅಂಥ ಕಾರನ್ನು ಇನ್ನೊಬ್ಬರ ಕೈಗೆ ಬಿಟ್ಟು ಬರುವಾಗ ಮನೆಯ ಯಜಮಾನ ತನ್ನ ಅಸಹಾಯಕತೆಯನ್ನೂ ಜತೆಗೇ ಬಿಟ್ಟು ಬರುತ್ತಾನೆ. ಪ್ರಾಮಾಣಿಕ ಮೇಸ್ತ್ರಿ ಅದನ್ನು ಅರಿತು ಬೇಗ ಕೆಲಸ ಮುಗಿಸುತ್ತಾನೆ. ಇನ್ನೊಬ್ಬ ಅದನ್ನು ಅರಿತು ಬಿಲ್ಲು ಬರೆಯುತ್ತಾನೆ.

ಇವರಿಬ್ಬರ ವ್ಯತ್ಯಾಸ ಹೊರಗಿನಿಂದ ಸುಲಭಕ್ಕೆ ಕಾಣುವುದಿಲ್ಲ. ಈ ಕರಾವಳಿಯ ಹವೆಯೇ ಕಾರಿನ ಶತ್ರು. ಕುಂಬಳೆ, ಮೊಗ್ರಾಲ್‌ಗಳಲ್ಲಿ ಕಡಲು ರಸ್ತೆಗೆ ಅಷ್ಟು ಸಮೀಪ. ಉಪ್ಪು ಗಾಳಿಗೆ ಸೈಲೆನ್ಸರು, ಬ್ರೇಕಿನ ಪೈಪು, ಅಡಿಯ ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ ಒಳರಸ್ತೆಗಳನ್ನು ಕೊರೆದು, ಆ ಗುಂಡಿಗಳು ಸಸ್ಪೆನ್ಶನ್ನಿನ ರಬ್ಬರು ಬುಶ್‌ಗಳನ್ನು ಅರೆಯುತ್ತವೆ. ಒಂದೇ ಬಗೆಯ ಟಕ್ ಟಕ್ ಸದ್ದು ಲಿಂಕ್ ರಾಡಿನಿಂದ ಬರಬಹುದು, ಲೋವರ್ ಆರ್ಮಿನ ಬುಶ್ಶಿನಿಂದ ಬರಬಹುದು, ಸ್ಟಿಯರಿಂಗಿನ ತುದಿಯಿಂದಲೂ ಬರಬಹುದು. ಮೇಸ್ತ್ರಿ ಮೊದಲು ಅಗ್ಗದ ಭಾಗ ಬದಲಿಸಿ ನೋಡಿ, ಸದ್ದು ನಿಲ್ಲದಿದ್ದರೆ ಮುಂದಿನದಕ್ಕೆ ಹೋಗುವುದು ವಂಚನೆಯಲ್ಲ. ವೈದ್ಯನೂ ಹಾಗೆಯೇ ಮಾಡುತ್ತಾನೆ.

ಕೊಲ್ಲಿಯಿಂದ ವರ್ಷಕ್ಕೊಮ್ಮೆ ಬರುವವರ ಕಾರುಗಳದ್ದು ಇನ್ನೊಂದು ಕಥೆ. ಹನ್ನೊಂದು ತಿಂಗಳು ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಇಳಿದಿರುತ್ತದೆ, ಬ್ರೇಕಿನ ತಟ್ಟೆ ತುಕ್ಕು ಹಿಡಿದಿರುತ್ತದೆ, ಟಯರು ನಿಂತ ಕಡೆ ಚಪ್ಪಟೆಯಾಗಿರುತ್ತದೆ. ಅಡಿಕೆ ತೋಟದ ಇಲಿ ಬಾನೆಟ್ಟಿನೊಳಗೆ ಗೂಡು ಕಟ್ಟಿ ತಂತಿಗಳನ್ನು ಕಡಿದಿರುತ್ತದೆ. ಬ್ಯಾಟರಿ ಬದಲಿಸಿದರೂ ಮೂರನೆಯ ದಿನ ಕಾರು ಏಳದಿದ್ದರೆ ಮನೆಯವರ ಕೋಪ ಗ್ಯಾರೇಜಿನ ಮೇಲೆ. ತಪ್ಪು ಸಿಪ್ಪೆ ಸುಲಿದ ತಂತಿಯದ್ದು. ಮೂವತ್ತು ದಿನಗಳ ರಜೆಯಲ್ಲಿ ಬಂದವನಿಗೆ ಇದನ್ನೆಲ್ಲ ಹುಡುಕುವ ವ್ಯವಧಾನವಿಲ್ಲ. ಆತುರದವನು ಒಂದೋ ಸುಳ್ಳು ಆರೋಪ ಮಾಡುತ್ತಾನೆ, ಇಲ್ಲವೇ ನಿಜವಾಗಿಯೂ ಮೋಸ ಹೋಗುತ್ತಾನೆ. ಅನುಮಾನವೊಂದೇ ಇದ್ದಾಗ ಇವೆರಡನ್ನೂ ಬೇರ್ಪಡಿಸಲಾಗದು. ಬೇರ್ಪಡಿಸುವುದು ಕಳಚಿದ ಹಳೆಯ ಭಾಗ, ಹಾಕಿದ ಹೊಸ ಭಾಗ ಮತ್ತು ಬರೆದ ಕಾಗದ.

ಬದಿಯಡ್ಕ ಕಡೆಯ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಹೆಸರು ಬೇಡ, ಗ್ಯಾರೇಜಿನ ಹೆಸರೂ ಬೇಡ. ಅವರ ಪತ್ನಿಗೆ ವಾರಕ್ಕೆ ಎರಡು ಬಾರಿ ದೇರಳಕಟ್ಟೆಯಲ್ಲಿ ಡಯಾಲಿಸಿಸ್. ಬೆಳಗ್ಗೆ ಬದಿಯಡ್ಕದಿಂದ ಸೀತಾಂಗೋಳಿಯಾಗಿ ಕುಂಬಳೆಗೆ ಇಳಿದು, ಹೆದ್ದಾರಿ ಹಿಡಿದು, ತಲಪಾಡಿ ದಾಟಿ ಹೋಗುವುದು. ಪತ್ನಿಯನ್ನು ಒಳಗೆ ಬಿಟ್ಟು ನಾಲ್ಕು ಗಂಟೆ ಕಾಯುವುದು. ಅದೇ ದಾರಿಯಲ್ಲಿ ಮರಳುವುದು. ಕಾರು ಒಂಬತ್ತು ವರ್ಷ ಹಳೆಯದು. ಒಂದು ದಿನ ಎಡಗಡೆಯ ಮುಂದಿನ ಚಕ್ರದ ಬಳಿ ಸದ್ದು ಕೇಳಿಸಿತು. ಕಾಯುವ ನಾಲ್ಕು ಗಂಟೆಯಲ್ಲಿ ತೋರಿಸಿಬಿಡೋಣವೆಂದು ಗಡಿಯ ಆಚೆಯ, ಅಂದರೆ ಕರ್ನಾಟಕದ ಒಂದು ಗ್ಯಾರೇಜಿಗೆ ಕೊಟ್ಟರು. ಲಿಂಕ್ ರಾಡು ಹೋಗಿದೆ, ಎರಡು ಸಾವಿರದೊಳಗೆ ಮುಗಿಯುತ್ತದೆ ಎಂದರು. ಒಂದೂವರೆ ಗಂಟೆಯ ಬಳಿಕ ಫೋನು: ಎರಡೂ ಬದಿಯ ಲೋವರ್ ಆರ್ಮ್ ಕೆಟ್ಟಿದೆ, ಸ್ಟ್ರಟ್ಟಿನಲ್ಲಿ ಎಣ್ಣೆ ಒಸರುತ್ತಿದೆ, ಹಾಗೆಯೇ ಬಿಟ್ಟರೆ ಚಕ್ರ ಕಳಚಬಹುದು, ಕಾರು ಈಗ ಬಿಚ್ಚಿ ಇಟ್ಟಿದೆ, ಏನು ಮಾಡೋಣ? ಪತ್ನಿಯನ್ನು ಕರೆದೊಯ್ಯಬೇಕಾದ ಹೊತ್ತು ಹತ್ತಿರವಾಗುತ್ತಿತ್ತು. ‘ಆಯ್ತು, ಮಾಡಿ’ ಎಂದರು. ಬಿಚ್ಚಿಟ್ಟ ಕಾರಿನ ಮುಂದೆ ಬೇರೆ ಉತ್ತರ ಯಾರ ಬಾಯಲ್ಲೂ ಬರುವುದಿಲ್ಲ, ಮತ್ತು ಆ ಫೋನು ಕಾರು ಬಿಚ್ಚುವ ಮೊದಲು ಸಾಮಾನ್ಯವಾಗಿ ಬರುವುದೂ ಇಲ್ಲ.

ಬಿಲ್ಲು 23,640 ರೂಪಾಯಿ. ಚಿಕ್ಕ ಹಾಳೆಯ ಮೇಲೆ ‘ಎಸ್ಟಿಮೇಟ್’ ಎಂದು ಅಚ್ಚಾಗಿತ್ತು. ಕೊನೆಯಲ್ಲಿ ಜಿ.ಎಸ್.ಟಿ. ಶೇಕಡಾ 18 ಎಂದು ಕೈಯಲ್ಲಿ ಬರೆದು ಕೂಡಿಸಿದ್ದರು. ಫೋನಿನಿಂದಲೇ ಹಣ ಹೋಯಿತು. ಹಳೆಯ ಭಾಗ ಕೇಳಿದಾಗ ಗುಜರಿಯವನು ಒಯ್ದ ಎಂದರು.

ಎಂಟನೆಯ ದಿನ ಸದ್ದು ಮರಳಿ ಬಂತು. ಬದಿಯಡ್ಕದ ಪರಿಚಿತ ಮೆಕ್ಯಾನಿಕ್ ಜ್ಯಾಕ್ ಹಾಕಿ ಎತ್ತಿ, ಟಾರ್ಚು ಹಿಡಿದು, ಅಧ್ಯಾಪಕರನ್ನೇ ಅಡಿಗೆ ಬಗ್ಗಿಸಿ ತೋರಿಸಿದ. ಎಡಗಡೆಯ ಲಿಂಕ್ ರಾಡು ಹೊಸದು, ಹೊಳೆಯುತ್ತಿತ್ತು. ಅದರ ಪಕ್ಕದ ಲೋವರ್ ಆರ್ಮಿನ ಬೋಲ್ಟಿನ ತಲೆಯ ಮೇಲೆ ಕಳೆದ ಮಳೆಗಾಲದ ಕೆಂಪು ಮಣ್ಣು ಒಣಗಿ ಹೆಕ್ಕಳೆಯಾಗಿತ್ತು. ತುಕ್ಕಿನ ಪೊರೆ ಎಲ್ಲಿಯೂ ಒಡೆದಿರಲಿಲ್ಲ. ಸ್ಪ್ಯಾನರು ತಾಗಿದ ಬೋಲ್ಟಿನ ಮೂಲೆಗಳಲ್ಲಿ ಬೆಳ್ಳಿಯ ಗೀರು ಬೀಳದೆ ಇರದು. ಇಲ್ಲಿ ಗೀರಿಲ್ಲ. ಬಲಗಡೆಯದ್ದೂ ಹಾಗೆಯೇ. ಸ್ಟ್ರಟ್ಟಿನ ಮೇಲಿನ ಧೂಳು ಕೂಡ ಹಳೆಯ ಧೂಳೇ.

ಮುಂದಿನ ಹೆಜ್ಜೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕೆಲವರು ನೇರ ಗ್ಯಾರೇಜಿಗೆ ಹೋಗಿ ಕೂಗಾಡುತ್ತಾರೆ. ಕೂಗಾಟದ ನಡುವೆ ಕಾರನ್ನು ‘ಸರಿಪಡಿಸಿ ಕೊಡುತ್ತೇವೆ, ಬಿಟ್ಟು ಹೋಗಿ’ ಎಂದು ಒಳಗೆ ತೆಗೆದುಕೊಂಡರೆ ಇದ್ದ ಒಂದೇ ಸಾಕ್ಷ್ಯ ಸಂಜೆಯೊಳಗೆ ಮಾಯ. ಇನ್ನು ಕೆಲವರು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಗ್ಯಾರೇಜಿನ ಹೆಸರು ಹಾಕಿ ಕಳ್ಳನೆಂದು ಬರೆಯುತ್ತಾರೆ. ಆಗ ದೂರು ಕೊಡಬೇಕಾದವನೇ ಮಾನನಷ್ಟದ ಆರೋಪಕ್ಕೆ ಉತ್ತರ ಹೇಳಬೇಕಾದೀತು. ಮತ್ತೆ ಕೆಲವರು ಅವಸರದಲ್ಲಿ ಬೇರೆಡೆ ಎಲ್ಲವನ್ನೂ ಬದಲಿಸಿ, ಹಳೆಯ ಭಾಗಗಳನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಬಹುಪಾಲು ಜನ ಮಾಡುವುದು ಏನೂ ಇಲ್ಲ. ಗಡಿಯಾಚೆಯ ಗ್ಯಾರೇಜು, ಬೇರೆ ರಾಜ್ಯದ ಪೊಲೀಸು, ಬೇರೆ ಜಿಲ್ಲೆಯ ಆಯೋಗ, ಅಲೆದಾಟಕ್ಕೆ ಬಿಲ್ಲಿಗಿಂತ ಹೆಚ್ಚು ಖರ್ಚು ಎಂದು ಕೈಚೆಲ್ಲುತ್ತಾರೆ. ಗ್ಯಾರೇಜಿನವರ ಲೆಕ್ಕಾಚಾರವೂ ಇದೇ ಆಗಿತ್ತು.

ಅಧ್ಯಾಪಕರು ಆ ಸಂಜೆ ಮಾಡಿದ್ದು ಮೂರೇ ಕೆಲಸ. ಬೋಲ್ಟುಗಳ ಚಿತ್ರಗಳನ್ನು ಕಾರಿನ ನಂಬರು ಫಲಕವೂ ಬೀಳುವಂತೆ, ಓಡಿದ ಕಿಲೋಮೀಟರಿನ ಅಂಕಿಯೂ ಇರುವಂತೆ ತೆಗೆಸಿದರು. ಕಂಡದ್ದನ್ನು ಮೆಕ್ಯಾನಿಕ್ಕಿನಿಂದ ಬರೆಸಿಕೊಂಡರು. ಹಣ ಹೋದ ಫೋನಿನ ದಾಖಲೆಯನ್ನು ಬ್ಯಾಂಕಿನಿಂದ ಕಾಗದದ ಮೇಲೆ ಪಡೆದರು. ಎರಡನೆಯದು ಸಲೀಸಾಗಿ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಇನ್ನೊಬ್ಬನ ವಿರುದ್ಧ ಬರೆದುಕೊಡಲು ಹಿಂಜರಿಯುತ್ತಾನೆ. ಬಿಡಿಭಾಗದ ಅಂಗಡಿಗಳು ಒಂದೇ, ಸಾಲದ ಪುಸ್ತಕವೂ ಒಂದೇ. ‘ಅವರು ಮೋಸ ಮಾಡಿದರು ಎಂದು ನಾನು ಬರೆಯುವುದಿಲ್ಲ, ಬೋಲ್ಟು ಬಿಚ್ಚಿದ ಗುರುತಿಲ್ಲ ಎಂದು ಬರೆಯುತ್ತೇನೆ’ ಎಂದ. ಕಾನೂನಿನ ಕಣ್ಣಿನಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಇಲ್ಲ: ಕಂಡದ್ದು ಇದೆ, ಊಹೆ ಇಲ್ಲ. ಅಧ್ಯಾಪಕರು ಕನ್ನಡದಲ್ಲಿ ಬರೆದುಕೊಟ್ಟ ಹಾಳೆಗೆ ಅವನು ಸಹಿ ಹಾಕಲಿಲ್ಲ. ಅವನಿಗೆ ಓದಲು ಬರುವುದು ಮಲಯಾಳ ಮಾತ್ರ. ಹತ್ತನೆಯ ತರಗತಿಯ ಮೊಮ್ಮಗಳು ಅದನ್ನೇ ಮಲಯಾಳದಲ್ಲಿ ಬರೆದಳು, ಅವನು ಎರಡು ಬಾರಿ ಓದಿ ಸಹಿ ಮಾಡಿದ. ಇಂಗ್ಲಿಷಿನ ಹಾಳೆಯನ್ನು ಓದದೆ ಹಣ ಕೊಟ್ಟ ಅಧ್ಯಾಪಕರಿಗಿಂತ ಆ ಮೆಕ್ಯಾನಿಕ್ ಹೆಚ್ಚು ಎಚ್ಚರದ ಮನುಷ್ಯ ಎನ್ನದೆ ನಿರ್ವಾಹವಿಲ್ಲ.

ಇನ್ನು ಕಾನೂನು. ಗಡಿನಾಡಿನವರು ತಿಳಿಯಬೇಕಾದ ಒಂದು ಬದಲಾವಣೆ 2020ರ ಜುಲೈ 20ರಂದು ಸದ್ದಿಲ್ಲದೆ ಆಯಿತು. ಅಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಸೆಕ್ಷನ್ ಪ್ರಕಾರ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. 1986ರ ಹಳೆಯ ಕಾಯಿದೆಯಲ್ಲಿ ಈ ಅವಕಾಶ ಇರಲಿಲ್ಲ. ಎದುರಾಳಿ ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ಹೋಗಬೇಕಾಗಿತ್ತು. ಅಂದರೆ ತಲಪಾಡಿಯ ಆಚೆ ಕಾರು ರಿಪೇರಿ ಮಾಡಿಸಿದ ಬದಿಯಡ್ಕದವನು ಅಂದು ಮಂಗಳೂರಿಗೆ ಅಲೆಯಬೇಕಿತ್ತು. ಇಂದು ಕಾಸರಗೋಡಿನಲ್ಲಿ ದೂರು ಕೊಟ್ಟರೆ ಅಲೆಯಬೇಕಾದವರು ಗ್ಯಾರೇಜಿನವರು. ಬೆಂಗಳೂರಿನಲ್ಲಿ ಕಾರು ಕೊಟ್ಟ ಹೊಸೂರಿನವನಿಗೂ ಕಲಬುರಗಿಯಲ್ಲಿ ಕೊಟ್ಟ ಅಕ್ಕಲಕೋಟೆಯವನಿಗೂ ಬಳ್ಳಾರಿಯಲ್ಲಿ ಕೊಟ್ಟ ಆದೋನಿಯವನಿಗೂ ಇದೇ ಮಾತು. ರಾಜ್ಯದ ಗಡಿಯನ್ನು ಬೇಲಿಯಂತೆ ಬಳಸಿಕೊಳ್ಳುತ್ತಿದ್ದ ವ್ಯಾಪಾರಿಗೆ ಆ ಬೇಲಿ ಈಗ ಇಲ್ಲ. ಐದು ವರ್ಷ ಕಳೆದರೂ ಇದನ್ನು ತಿಳಿದವರು ನಮ್ಮೂರುಗಳಲ್ಲಿ ಕಡಿಮೆ ಎಂಬುದು ಬೇಸರದ ಸಂಗತಿ.

ದೂರಿಗೆ ಎರಡು ವರ್ಷದ ಅವಧಿ ಇದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿಯಮವಿಲ್ಲ. ಹೀಗೆ ಹೇಳುವುದರಿಂದ ವಕೀಲ ವೃತ್ತಿಗೆ ದೊಡ್ಡ ನಷ್ಟವೇನೂ ಆಗದು. ಮಾಡುತ್ತೇನೆಂದ ಕೆಲಸವನ್ನು ಮಾಡದಿರುವುದು ಕಾಯಿದೆಯ ಭಾಷೆಯಲ್ಲಿ ಸೇವಾ ನ್ಯೂನತೆ. ಸರಿಯಾದ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ನೋಟಿಸು ತಲುಪಿದ ಬಳಿಕ ಎದುರಾಳಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ವಿಚಾರಣೆ ಮುಖ್ಯವಾಗಿ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ ನಡೆಯುತ್ತದೆ; ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು, ಡಯಾಲಿಸಿಸ್ಸಿನ ದಿನ ತಪ್ಪಿಸಬೇಕಿಲ್ಲ. ಯಂತ್ರದ ಪ್ರಶ್ನೆ ಬಂದಾಗ ಕೇರಳದ ಆಯೋಗಗಳು ಪರಿಣತ ಕಮಿಶನರರನ್ನು ನೇಮಿಸಿ ವಾಹನವನ್ನು ಪರೀಕ್ಷೆ ಮಾಡಿಸುವುದುಂಟು. ಆದ್ದರಿಂದಲೇ ಕಾರನ್ನು ಆದಷ್ಟು ಇದ್ದ ಸ್ಥಿತಿಯಲ್ಲಿ ಇಡುವುದು, ಓಡಿಸಲೇಬೇಕಾದಾಗ ಕಳಚಿದ್ದನ್ನು ಜೋಪಾನ ಮಾಡುವುದು ಅಗತ್ಯ. ಬಾಡಿಗೆಗೆ ಹಲವು ಕಾರು ಓಡಿಸುವ ಸಂಸ್ಥೆ ಗ್ರಾಹಕ ಎನಿಸದು. ಆದರೆ ಸ್ವಂತ ಆಟೋರಿಕ್ಷಾವನ್ನು ತಾನೇ ಓಡಿಸಿ ಹೊಟ್ಟೆ ಹೊರೆಯುವ ಕುಂಬಳೆಯ ಚಾಲಕ ಖಂಡಿತ ಗ್ರಾಹಕನೇ. ದೂರನ್ನು ಇ-ಜಾಗೃತಿ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕವೂ ಸಲ್ಲಿಸಬಹುದು, 1915ಕ್ಕೆ ಫೋನು ಮಾಡಿ ಮೊದಲು ಸಲಹೆಯನ್ನೂ ಕೇಳಬಹುದು.

ಹಣ ಕೊಡದೆ ಕಾರು ಬಿಡುವುದಿಲ್ಲ ಎಂದರೆ? ಇಲ್ಲಿ ಗ್ಯಾರೇಜಿನವನಿಗೆ ಒಂದು ಹಳೆಯ ಹಕ್ಕಿದೆ ಎಂಬುದನ್ನು ಒಪ್ಪಲೇಬೇಕು. 1872ರ ಭಾರತೀಯ ಕರಾರು ಅಧಿನಿಯಮದ 170ನೆಯ ಸೆಕ್ಷನ್ ಪ್ರಕಾರ, ವಶಕ್ಕೆ ಪಡೆದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು ಕೂಲಿ ಸಲ್ಲುವವರೆಗೆ ಅದನ್ನು ತಡೆಹಿಡಿಯಬಹುದು. ಆ ಕಾಯಿದೆ ಕೊಡುವ ಉದಾಹರಣೆಯೇ ಚೆಂದ: ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ರತ್ನಕಾರ ಮಜೂರಿ ಸಿಗುವ ತನಕ ವಜ್ರ ಇಟ್ಟುಕೊಳ್ಳಬಹುದು, ಮೂರು ತಿಂಗಳ ಸಾಲ ಕೊಡಲು ಒಪ್ಪಿ ಕೋಟು ಹೊಲಿದ ದರ್ಜಿ ಕೋಟನ್ನು ಇಟ್ಟುಕೊಳ್ಳುವಂತಿಲ್ಲ. ಹಕ್ಕು ಇರುವುದು ಮಾಡಿದ ಕೆಲಸದ ಕೂಲಿಗೆ. ಮಾಡದ ಕೆಲಸಕ್ಕೆ ಅಲ್ಲ. ಆದರೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಈ ವ್ಯತ್ಯಾಸವನ್ನು ವಾದಿಸಿ ಗೆಲ್ಲಲಾಗದು. ಬಿಲ್ಲಿನ ಮೇಲೆಯೇ ‘ಆಕ್ಷೇಪದೊಂದಿಗೆ ಪಾವತಿಸಲಾಗಿದೆ’ ಎಂದು ಬರೆದು, ಚಿತ್ರ ತೆಗೆದು, ಹಣ ಕೊಟ್ಟು ಕಾರು ಬಿಡಿಸಿಕೊಳ್ಳುವುದೇ ಜಾಣತನ. ಆಕ್ಷೇಪವನ್ನು ಯಾವ ಭಾಷೆಯಲ್ಲಿ ಬರೆದರೂ ಆಕ್ಷೇಪವೇ.

ಬಿಲ್ಲನ್ನು ಓದುವುದು ಹೇಗೆಂಬುದು ಮನೆಯ ಮಕ್ಕಳಿಗೂ ಕಲಿಸಬಹುದಾದ ಪಾಠ. ಗಣಿತದ ಪುಸ್ತಕದ ಶೇಕಡಾ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಜಿ.ಎಸ್.ಟಿ. ನೋಂದಣಿಯ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕೇರಳಕ್ಕೆ 32, ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಮಹಾರಾಷ್ಟ್ರಕ್ಕೆ 27. ತಲಪಾಡಿಯ ಆಚೆಯ ಬಿಲ್ಲು 29ರಿಂದ, ಈಚೆಯದು 32ರಿಂದ ಆರಂಭವಾಗಬೇಕು. ಆ ಸಂಖ್ಯೆ ನಿಜವೇ ಎಂದು ಇಲಾಖೆಯ ತಾಣದಲ್ಲಿ ಯಾರೂ ನೋಡಬಹುದು. ಸಣ್ಣ ಗ್ಯಾರೇಜಿಗೆ ನೋಂದಣಿ ಇಲ್ಲದಿರುವುದು ತಪ್ಪಲ್ಲ. ವರ್ಷದ ವಹಿವಾಟು ಮಿತಿಯೊಳಗಿದ್ದರೆ ನೋಂದಣಿಯ ಅಗತ್ಯವೇ ಇಲ್ಲ. ಆದರೆ ನೋಂದಣಿ ಇಲ್ಲದವನು ತೆರಿಗೆ ಎಂದು ಒಂದು ರೂಪಾಯಿಯನ್ನೂ ವಸೂಲು ಮಾಡುವಂತಿಲ್ಲ. ಭಾಗದ ಹೆಸರಿನ ಜತೆ ಅದರ ಪಾರ್ಟ್ ಸಂಖ್ಯೆ ಇದೆಯೇ, ಪೆಟ್ಟಿಗೆಯ ಮೇಲಿನ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಹಾಕಿದ್ದಾರೆಯೇ, ಮೂರು ಲೀಟರಿನ ಆಸುಪಾಸು ಎಣ್ಣೆ ಹಿಡಿಯುವ ಸಣ್ಣ ಎಂಜಿನ್ನಿಗೆ ನಾಲ್ಕೂವರೆ ಲೀಟರು ಬರೆದಿದ್ದಾರೆಯೇ ಎಂದು ನೋಡಿದರೆ ಸಾಕು. ಎಷ್ಟು ಹಿಡಿಯುತ್ತದೆಂಬುದು ಕಾರಿನೊಡನೆ ಬಂದ ಕೈಪಿಡಿಯಲ್ಲಿದೆ. ಆ ಪುಸ್ತಕವನ್ನು ಓದಿದವರು ಅಪರೂಪ.

ಭಾಷೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೆಯ ವಿಧಿ ಹಕ್ಕು ಕೊಟ್ಟಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಿ ಕನ್ನಡದಲ್ಲಿಯೇ ಉತ್ತರ ಪಡೆಯುವ ಅವಕಾಶ ನೀಡಿದೆ. ಪೊಲೀಸು ಠಾಣೆಗೆ, ತೆರಿಗೆ ಕಚೇರಿಗೆ ಕನ್ನಡದಲ್ಲಿ ಬರೆಯಲು ಅಂಜಬೇಕಿಲ್ಲ. ಆಯೋಗದಲ್ಲಿ ಮಾತ್ರ ಇಂಗ್ಲಿಷ್ ಅನುವಾದವನ್ನೂ ಜತೆಗಿಡುವುದು ಹಿತ. ಹಟಕ್ಕಿಂತ ಬೇಗ ತೀರ್ಮಾನ ಮುಖ್ಯ.

ಅಧ್ಯಾಪಕರು ಮೊದಲು ಗ್ಯಾರೇಜಿಗೆ ಸ್ಪೀಡ್ ಪೋಸ್ಟಿನಲ್ಲಿ ಕನ್ನಡದಲ್ಲಿಯೇ ಪತ್ರ ಬರೆದರು. ಬೈಗುಳವಿಲ್ಲ, ಮೂರು ಪ್ರಶ್ನೆ ಮಾತ್ರ: ಹಾಕಿದ ಲೋವರ್ ಆರ್ಮುಗಳ ಪಾರ್ಟ್ ಸಂಖ್ಯೆ ಮತ್ತು ಖರೀದಿಯ ಬಿಲ್ಲು ಎಲ್ಲಿ? ಕಳಚಿದ ಭಾಗಗಳು ಎಲ್ಲಿ? ತೆರಿಗೆ ವಸೂಲು ಮಾಡಿದ ನೋಂದಣಿ ಸಂಖ್ಯೆ ಯಾವುದು? ಹದಿನೈದು ದಿನ ಕಾದರು. ಉತ್ತರ ಬರಲಿಲ್ಲ. ಮಧ್ಯವರ್ತಿಯೊಬ್ಬರ ಮೂಲಕ, ಕೇರಳದವರು ಕೇರಳದಲ್ಲಿಯೇ ನೋಡಿಕೊಳ್ಳಲಿ ಎಂಬ ಮಾತು ಬಂತು. ಅವರು ಹಾಗೆಯೇ ಮಾಡಿದರು; ಕಾಸರಗೋಡಿನ ಆಯೋಗದಲ್ಲಿ ದೂರು ದಾಖಲಾಯಿತು.

ನೋಟಿಸು ಗಡಿ ದಾಟಿ ಹೋದ ಮೇಲೆ ಗ್ಯಾರೇಜಿನ ಮಾಲಕ ತಾನೇ ಬಂದ. ಕಂಡವರ ಪ್ರಕಾರ ಆತ ಖಳನಾಯಕನಂತೇನೂ ಇರಲಿಲ್ಲ. ಎಣ್ಣೆಯ ಕಲೆ ಹೋಗದ ಉಗುರುಗಳ, ಸುಸ್ತಾದ ನಡುವಯಸ್ಕ. ಭಾಗಗಳನ್ನು ತಾನು ಕೊಂಡಿದ್ದೇನೆಂದು ಹೇಳಿ ಒಂದು ಲೋವರ್ ಆರ್ಮಿನ ಖರೀದಿ ಚೀಟಿ ತೋರಿಸಿದ. ಬಿಲ್ಲಿನಲ್ಲಿದ್ದದ್ದು ಎರಡು. ಆ ಒಂದು ಯಾವ ಕಾರಿಗೆ ಹೋಯಿತು, ಕೆಲಸದ ಹುಡುಗ ಅದನ್ನು ಮಾರಿಕೊಂಡನೇ, ಮಾಲಕನಿಗೆ ಗೊತ್ತಿತ್ತೇ ಎಂಬುದು ಕೊನೆಗೂ ಬೆಳಕಿಗೆ ಬರಲಿಲ್ಲ. ಗ್ರಾಹಕನ ದೂರಿಗೆ ಅದು ಬೇಕಾಗಿಯೂ ಇರಲಿಲ್ಲ: ಹಣ ಪಡೆದವನೇ ಕೆಲಸಕ್ಕೆ ಹೊಣೆ. ಠಾಣೆಯಲ್ಲಿ ವಂಚನೆಯ ಮೊಕದ್ದಮೆ ಹೂಡಿದ್ದರೆ ಇದೇ ಪ್ರಶ್ನೆ, ಅಂದರೆ ಯಾರ ಮನಸ್ಸಿನಲ್ಲಿ ಮೊದಲಿನಿಂದಲೂ ಮೋಸದ ಉದ್ದೇಶ ಇತ್ತು ಎಂಬ ಪ್ರಶ್ನೆ, ಇಡೀ ಪ್ರಕರಣವನ್ನು ನುಂಗಿಬಿಡುತ್ತಿತ್ತು. ಅನೇಕರು ಮೊದಲು ಪೊಲೀಸರಲ್ಲಿಗೆ ಓಡಿ ಬರಿಗೈಯಲ್ಲಿ ಮರಳುವುದು ಈ ಕಾರಣಕ್ಕೆ.

ಅಂದೇ ರಾಜಿಯ ಮಾತು ಬಂತು. ಲಿಂಕ್ ರಾಡಿನ ಬೆಲೆ ಮತ್ತು ಕೂಲಿ ಕಳೆದು, ತೆರಿಗೆಯೆಂದು ಪಡೆದ ಮೊತ್ತವನ್ನೂ ಸೇರಿಸಿ 21,500 ರೂಪಾಯಿ ಮರಳಿಸಲು ಮಾಲಕ ಒಪ್ಪಿದ. ಪರಿಹಾರಕ್ಕೆಂದು ಹಟ ಹಿಡಿದಿದ್ದರೆ ಇನ್ನೂ ಸ್ವಲ್ಪ ಸಿಗುತ್ತಿತ್ತೋ ಏನೋ. ಆದರೆ ಸೋತ ಪಕ್ಷ 45 ದಿನಗಳೊಳಗೆ ತಿರುವನಂತಪುರದ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಮತ್ತು ಕಾಸರಗೋಡಿನಿಂದ ತಿರುವನಂತಪುರ ಎಂದರೆ ರಾಜ್ಯದ ಈ ತುದಿಯಿಂದ ಆ ತುದಿ. ಅಧ್ಯಾಪಕರು ರಾಜಿಯನ್ನು ಬರಹದಲ್ಲಿ ದಾಖಲಿಸಿ, ಹಣ ಖಾತೆಗೆ ಬಂದ ಮೇಲೆಯೇ ದೂರು ಹಿಂಪಡೆದರು. ಈ ಅನುಕ್ರಮದಲ್ಲಿ ಅವರು ಚೌಕಾಸಿಗೆ ಒಪ್ಪಲಿಲ್ಲ.

ಲೋವರ್ ಆರ್ಮುಗಳನ್ನು ಕೊನೆಗೆ ಬದಲಿಸಿದ್ದು ಬದಿಯಡ್ಕದಲ್ಲಿ, ಅದೇ ಮೆಕ್ಯಾನಿಕ್. ಎರಡೂ ಕೆಟ್ಟಿದ್ದವು ಎಂಬುದು ಆಗ ತಿಳಿಯಿತು. ಗಡಿಯಾಚೆಯ ಗ್ಯಾರೇಜು ರೋಗವನ್ನು ಸರಿಯಾಗಿಯೇ ಗುರುತಿಸಿತ್ತು, ಮದ್ದು ಮಾತ್ರ ಕೊಟ್ಟಿರಲಿಲ್ಲ. ಹಳೆಯ ಭಾಗಗಳನ್ನು ಅವನು ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟ. ಬಿಲ್ಲು ಬೇಕೆಂದಾಗ ಸ್ವಲ್ಪ ಹೊತ್ತು ತಲೆ ತುರಿಸಿ, ಪಕ್ಕದ ಅಂಗಡಿಯಿಂದ ಒಂದು ರಶೀದಿ ಪುಸ್ತಕ ತರಿಸಿದ.